ಬ್ರೆಡ್ ಹಾಡಿಗೆ ಬೆಣ್ಣೆ ಸವರಿದವರು

ಕಳೆದ ಸಂಚಿಕೆಯಲ್ಲಿ ಬೇರೇನೋ ಪ್ರಶ್ನೆಗೆ ಉತ್ತರ ಕೊಡುತ್ತಾ, 'ಎವ್ರಿಥಿಂಗ್ ಐ ಓನ್' ಅಮೆರಿಕದ ಬ್ರೆಡ್ ತಂಡದ ಹಾಡು ಅಂತ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರಿಗೆ ಅನುಮಾನ, ಕೆಲವರಿಗೆ ಹಳೆಯ ನೆನಪು, ಒಬ್ಬರಿಗಂತೂ ಸಿಟ್ಟೇ ಬಂದಿದೆ. ಹಾಗಾಗಿ ಈ ಸಲ ಮಿಕ್ಕ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದೊಂದು ಹಾಡನ್ನೇ ಹಿಡಿದು ಕೂತಿದ್ದೇನೆ.

ಪ್ರಶ್ನೆ (ಮೈಸೂರಿನಿಂದ): ನೀವು ಬರೆದದ್ದು ತಪ್ಪು ಸ್ವಾಮಿ. ಅದು ಇಂಗ್ಲೆಂಡಿನ ಗಾಯಕ ಬಾಯ್ ಜಾರ್ಜ್ ಹಾಡು. 1987ರ ಕ್ಯಾಸೆಟ್ ಇನ್ನೂ ನನ್ನ ಬೀರುವಿನಲ್ಲಿದೆ. ಲಂಡನ್ನಿನಲ್ಲಿರುವ ನಮ್ಮ ಸೋದರಮಾವ ಮಾತ್ರ ಅದು ಜಮೈಕಾದ ಕೆನ್ ಬೂತ್ ಅವರದು ಎಂದು ಹಟ ಹಿಡಿಯುತ್ತಾರೆ. ಇವರ ಮಧ್ಯೆ ಬ್ರೆಡ್ ಎಲ್ಲಿಂದ ಬಂತು?

ಉತ್ತರ: ಕ್ಯಾಸೆಟ್ ಬೀರುವಿನಲ್ಲೇ ಇರಲಿ, ಸಿಟ್ಟು ಮಾತ್ರ ಹೊರಗಿಡಿ. ನೀವು ಕೇಳಿದ್ದೂ ನಿಜ, ನಿಮ್ಮ ಮಾವ ಕೇಳಿದ್ದೂ ನಿಜ. ಆದರೆ ಹಾಡು ಹುಟ್ಟಿದ್ದು ಮಾತ್ರ ಬ್ರೆಡ್ ಮನೆಯಲ್ಲಿ. ಬರೆದು ಹಾಡಿದವರು ಆ ತಂಡದ ಡೇವಿಡ್ ಗೇಟ್ಸ್. 1972ರ ಶುರುವಿನಲ್ಲಿ ಎಲೆಕ್ಟ್ರಾ ಕಂಪನಿಯಿಂದ ಬಂತು. ಇದೇ ಕಂಪನಿಯಿಂದಲೇ ಡೋರ್ಸ್ ತಂಡದ ಅಬ್ಬರದ ಹಾಡುಗಳೂ ಬರುತ್ತಿದ್ದವು ಅಂದರೆ ನಂಬೋದು ಕಷ್ಟ, ಯಾಕೆಂದರೆ ಬ್ರೆಡ್ ಅಂದರೆ ಅಷ್ಟು ಮೆತ್ತಗೆ. ಹೆಸರಿಗೆ ರಾಕ್, ಆದರೆ ಪಕ್ಕದ ಕೋಣೆಯಲ್ಲಿ ಮಲಗಿದ ಮಗುವಿಗೆ ಎಚ್ಚರವಾಗದ ಹಾಗೆ ಬಾರಿಸುತ್ತಿದ್ದರು. ಸಾಫ್ಟ್ ರಾಕ್ ಅಂತ ಕರೆದದ್ದು ಇದನ್ನೇ.

ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಹಾಡು 5ನೇ ಸ್ಥಾನಕ್ಕೆ ಏರಿತು. ಬ್ರಿಟನ್ನಿನಲ್ಲಿ 32ಕ್ಕೇ ನಿಂತುಹೋಯಿತು. ನಿಮ್ಮ ಮನೆಯ ಜಗಳಕ್ಕೆ ಕಾರಣ ಈ 32. ಮೂಲ ಹಾಡು ಅಲ್ಲಿನ ಜನರ ಕಿವಿಗೆ ಸರಿಯಾಗಿ ಬೀಳಲೇ ಇಲ್ಲ. 1974ರ ಅಕ್ಟೋಬರ್ ಕೊನೆಯಲ್ಲಿ ಕೆನ್ ಬೂತ್ ಅದನ್ನೇ ರೆಗ್ಗೆ ಎಂಬ ಜಮೈಕಾದ ಸಂಗೀತದ ನಡೆಗೆ ಹೊಂದಿಸಿ ಹಾಡಿದ್ದು ಬ್ರಿಟನ್ನಿನಲ್ಲಿ ಮೂರು ವಾರ ನಂಬರ್ ಒನ್. 1987ರ ಮಾರ್ಚ್‌ನಲ್ಲಿ ಬಾಯ್ ಜಾರ್ಜ್ ಹಾಡಿದಾಗ ಎರಡು ವಾರ ನಂಬರ್ ಒನ್. ಹಾಗಾಗಿ ಅಲ್ಲಿ 1974ರಲ್ಲಿ ಹರೆಯದಲ್ಲಿದ್ದವರಿಗೆ ಇದು ಬೂತ್ ಹಾಡು, 1987ರಲ್ಲಿ ಹರೆಯದಲ್ಲಿದ್ದವರಿಗೆ ಜಾರ್ಜ್ ಹಾಡು. ನಿಮ್ಮ ಮಾವನ ವಯಸ್ಸು ಎಷ್ಟು ಅಂತ ನಾನು ಕೇಳದೆಯೇ ಹೇಳಬಲ್ಲೆ.

ಇನ್ನೂ ಒಂದು ತಮಾಷೆ ಕೇಳಿ. ಗೇಟ್ಸ್ ಬರೆದ ಇನ್ನೊಂದು ಹಾಡು 'ಇಫ್'. ಅದನ್ನು 1975ರಲ್ಲಿ ಟೆಲಿ ಸವಾಲಸ್ ಎಂಬ ನಟ ಬ್ರಿಟನ್ನಿನಲ್ಲಿ ನಂಬರ್ ಒನ್ ಮಾಡಿದರು. ಟೀವಿಯಲ್ಲಿ ಕೋಜಾಕ್ ಎಂಬ ಪತ್ತೇದಾರನಾಗಿ ಬರುತ್ತಿದ್ದ, ಬೋಳು ತಲೆಯ, ಬಾಯಲ್ಲಿ ಲಾಲಿಪಾಪ್ ಇಟ್ಟುಕೊಂಡ ಮನುಷ್ಯ. ಅವರು ಹಾಡಲೂ ಇಲ್ಲ, ಸುಮ್ನೆ ಮಾತಾಡಿದ ಹಾಗೆ ಓದಿದರು ಅಷ್ಟೇ. ಅಂದರೆ ಗೇಟ್ಸ್ ಬರೆದ ಹಾಡುಗಳು ಅಲ್ಲಿ ಮೂರು ಸಲ ಮೊದಲ ಸ್ಥಾನ ಕಂಡವು, ಮೂರೂ ಸಲ ಬೇರೆಯವರ ಬಾಯಲ್ಲಿ. ಬ್ರೆಡ್ ತಂಡಕ್ಕೆ ಮಾತ್ರ ಒಂದು ಸಲವೂ ಆ ಭಾಗ್ಯ ಸಿಗಲಿಲ್ಲ.

ಪ್ರಶ್ನೆ (ಶಿವಮೊಗ್ಗದಿಂದ): ಕಾಲೇಜಿನಲ್ಲಿ ಒಬ್ಬಳಿಗೋಸ್ಕರ ಈ ಹಾಡನ್ನು ಗಿಟಾರ್ ಹಿಡಿದು ಹಾಡಿದ್ದೆ. ಈಗ ಯಾರೋ ಇದು ಪ್ರೇಮಗೀತೆಯೇ ಅಲ್ಲ ಅಂತಿದ್ದಾರೆ. ನಿಜವಾ?

ಉತ್ತರ: ನಿಜ. ಇದು ಗೇಟ್ಸ್ ತಮ್ಮ ಅಪ್ಪನಿಗೆ ಬರೆದ ಹಾಡು. ಬೇಜಾರಾಗಬೇಡಿ, ಲೋಕದಲ್ಲಿ ಈ ತಪ್ಪು ಮಾಡಿದವರು ನೀವೊಬ್ಬರೇ ಅಲ್ಲ.

ಗೇಟ್ಸ್ 1940ರಲ್ಲಿ ಒಕ್ಲಹೋಮಾದ ಟಲ್ಸಾ ಎಂಬ ಊರಿನಲ್ಲಿ ಹುಟ್ಟಿದವರು. ಅಪ್ಪ ಬ್ಯಾಂಡ್ ಮೇಷ್ಟ್ರು, ಅಮ್ಮ ಪಿಯಾನೋ ಹೇಳಿಕೊಡುತ್ತಿದ್ದವರು. 1960ರ ದಶಕದ ಶುರುವಿನಲ್ಲಿ ಮಗ ಊರು ಬಿಟ್ಟು ಲಾಸ್ ಏಂಜಲೀಸ್ ಸೇರಿದ. ಅಲ್ಲಿ ಇನ್ನೂ ಕಾಲೂರುತ್ತಿದ್ದಾಗಲೇ, 1963ರಲ್ಲಿ ಅಪ್ಪ ತೀರಿಕೊಂಡರು. ಬ್ರೆಡ್ ತಂಡ ಶುರುವಾದದ್ದು 1968ರಲ್ಲಿ. ಅಂದರೆ ಮಗನ ಬ್ರೆಡ್ ತಂಡದ ಹಾಡು ರೇಡಿಯೋದಲ್ಲಿ ಬರುವುದನ್ನು ಕೇಳಲು ಆ ಬ್ಯಾಂಡ್ ಮೇಷ್ಟ್ರು ಇರಲಿಲ್ಲ.

ಇದು ಗೊತ್ತಾದ ಮೇಲೆ ಮೊದಲ ಸಾಲುಗಳನ್ನು ಇನ್ನೊಮ್ಮೆ ಕೇಳಿ. ನನ್ನನ್ನು ಕೆಡುಕಿನಿಂದ ಕಾಪಾಡಿದೆ, ಬೆಚ್ಚಗಿಟ್ಟೆ, ಬದುಕು ಕೊಟ್ಟೆ, ಆಮೇಲೆ ನನ್ನ ಪಾಡಿಗೆ ನನ್ನನ್ನು ಬಿಟ್ಟೆ ಎಂಬ ಅರ್ಥ ಬರುತ್ತದೆ. ಬದುಕು ಕೊಡೋದು ಅಪ್ಪ ಅಮ್ಮ ತಾನೇ? ಪ್ರೇಮಿಗಳು ಕೊಡೋದು ತಲೆನೋವು. ಆದರೂ ಕೇಳುವವರಿಗೆ ಗುಟ್ಟು ಬಿಟ್ಟುಕೊಡದ ಹಾಗೆ ಗೇಟ್ಸ್ ಬರೆದಿದ್ದಾರೆ. ಸತ್ತರು ಅನ್ನೋ ಮಾತಿಲ್ಲ, ಅಪ್ಪ ಅನ್ನೋ ಮಾತೂ ಇಲ್ಲ. ಇಂಗ್ಲಿಷಿನ 'ಯೂ' ಎಂಬ ಒಂದು ಪದದ ಹಿಂದೆ ಯಾರು ಬೇಕಾದರೂ ನಿಂತುಕೊಳ್ಳಬಹುದು. ನನಗನಿಸೋ ಹಾಗೆ ಈ ಹಾಡು ಇಷ್ಟು ಜನರ ಕೈ ಸೇರಲು ರಾಗಕ್ಕಿಂತ ಜಾಸ್ತಿ ಕಾರಣ ಆ 'ಯೂ'. ಹಾಡಿದವರೆಲ್ಲ ತಮಗೆ ಬೇಕಾದವರನ್ನು ಅಲ್ಲಿ ನಿಲ್ಲಿಸಿಕೊಂಡರು.

ನಿಮ್ಮ ಕಾಲೇಜಿನ ಹಾಡು ಕೆಲಸ ಮಾಡಿತೋ ಇಲ್ಲವೋ ಬರೆಯಲೇ ಇಲ್ಲ ನೀವು.

ಪ್ರಶ್ನೆ (ಹುಬ್ಬಳ್ಳಿಯಿಂದ): ನಾನು ತಬಲಾ ಕಲಿಯುತ್ತಿದ್ದೇನೆ. ಬ್ರೆಡ್ ಹಾಡಿದ್ದೂ ಕೆನ್ ಬೂತ್ ಹಾಡಿದ್ದೂ ಒಂದರ ಹಿಂದೆ ಒಂದು ಕೇಳಿದೆ. ಮಟ್ಟು ಅದೇ, ಮಾತೂ ಹೆಚ್ಚುಕಮ್ಮಿ ಅದೇ. ಆದರೂ ಬೇರೆಯೇ ಹಾಡು ಅನಿಸುತ್ತದೆ. ಏನು ಬದಲಾಯಿತು?

ಉತ್ತರ: ತಬಲಾ ಕಲಿಯುವವರಿಗೆ ಹೇಳೋದು ಸುಲಭ. ನೀವು ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ತೂಕ ಕೊಡುತ್ತೀರಿ, ಅಲ್ವಾ? ಎಲ್ಲೆಲ್ಲಿ ಸುತ್ತಿದರೂ ಬಂದು ಸಮದ ಮೇಲೆ ಬೀಳಬೇಕು. ರೆಗ್ಗೆಯಲ್ಲಿ ಆ ಜಾಗವನ್ನೇ ಖಾಲಿ ಬಿಡುತ್ತಾರೆ. ಒಂದು, ಎರಡು, ಮೂರು, ನಾಲ್ಕು ಅಂತ ನಿಧಾನಕ್ಕೆ ಎಣಿಸಿ. ಒಂದಕ್ಕೆ ಕೈ ಎತ್ತಿ ಸುಮ್ಮನಿರಿ. ಎರಡಕ್ಕೆ ಬಾಯಲ್ಲಿ 'ಚಕ್' ಅನ್ನಿ, ಅದು ಗಿಟಾರ್. ಮೂರಕ್ಕೆ ತೊಡೆ ತಟ್ಟಿ, ಅದು ಡ್ರಮ್ಸ್. ನಾಲ್ಕಕ್ಕೆ ಇನ್ನೊಂದು 'ಚಕ್'. ಹತ್ತು ಸಲ ಮಾಡಿ, ತಲೆ ತಾನಾಗಿ ಆಡುತ್ತದೆ. ಜಮೈಕಾದವರು ಈ ನಡೆಗೆ 'ಒನ್ ಡ್ರಾಪ್' ಅಂತಾರೆ, ಒಂದನೇ ಪೆಟ್ಟನ್ನು ಕೈಬಿಟ್ಟದ್ದು ಅಂತ. ಎಲ್ಲ ರೆಗ್ಗೆಯೂ ಹೀಗೇ ಇರಬೇಕೆಂದಿಲ್ಲ, ಆದರೆ ಆ ಸಂಗೀತದ ಗುಟ್ಟು ಹಿಡಿಯಲು ಇದೇ ಒಳ್ಳೆಯ ದಾರಿ. ಇನ್ನು ಬೇಸ್ ಗಿಟಾರ್ ಹಿಂದೆ ಅಡಗಿ ಕೂರೋದಿಲ್ಲ, ಎದುರಿಗೇ ಬಂದು ಹಾಡುಗಾರನ ಜೊತೆ ಮಾತಾಡುತ್ತದೆ.

ಗೇಟ್ಸ್ ಹಾಡುವಾಗ ಕೋಣೆಯಲ್ಲಿ ಒಬ್ಬನೇ ಕೂತವನ ದುಃಖ. ಬೂತ್ ಹಾಡುವಾಗ ಬೀದಿಯಲ್ಲಿ ನಿಂತು ಕರೆದ ಹಾಗೆ. ಅವರ ಗಂಟಲಿನಲ್ಲಿ ಒಂದು ಒರಟು ಇದೆ. ಸೋಲ್ ಎಂಬ ಬಗೆಯ ಸಂಗೀತ ಹಾಡುತ್ತಿದ್ದ ಅಮೆರಿಕದ ಗಾಯಕ ಓಟಿಸ್ ರೆಡ್ಡಿಂಗ್ ಜೊತೆ ಅವರನ್ನು ಹೋಲಿಸುತ್ತಿದ್ದದ್ದು ಇದಕ್ಕೇ.

ಇನ್ನೊಂದು ಸಣ್ಣ ವಿಷಯ ಗಮನಿಸಿ. ಬ್ರೆಡ್ ಹಾಡಿನಲ್ಲಿ 'ಎನಿಥಿಂಗ್ ಐ ಓನ್' ಅಂತಲೂ ಬರುತ್ತದೆ, ಆಮೇಲೆ 'ಎವ್ರಿಥಿಂಗ್ ಐ ಓನ್' ಅಂತಲೂ ಬರುತ್ತದೆ. ಬೂತ್ ಎರಡೂ ಕಡೆ 'ಎನಿಥಿಂಗ್' ಅಂತಲೇ ಹಾಡಿದರು. ಹಾಗಾಗಿ ಹಾಡಿನ ಹೆಸರು ಹಾಡಿನೊಳಗೆ ಎಲ್ಲೂ ಕೇಳಿಸೋದೇ ಇಲ್ಲ! ಅರ್ಥವೂ ಸ್ವಲ್ಪ ಜಾರಿದೆ. 'ನನ್ನ ಹತ್ತಿರ ಇರೋದರಲ್ಲಿ ಏನು ಬೇಕಾದರೂ ತಗೋ' ಅನ್ನೋದಕ್ಕೂ 'ಇರೋದೆಲ್ಲಾ ಕೊಟ್ಟುಬಿಡ್ತೀನಿ' ಅನ್ನೋದಕ್ಕೂ ವ್ಯತ್ಯಾಸ ಇಲ್ವಾ? ಮೊದಲನೆಯದರಲ್ಲಿ ಚೌಕಾಸಿಗೆ ಇನ್ನೂ ಜಾಗ ಇದೆ. ಎರಡನೆಯದು ಎಲ್ಲ ಮುಗಿದ ಮೇಲಿನ ಮಾತು. ಗೇಟ್ಸ್ ಒಂದರಿಂದ ಇನ್ನೊಂದಕ್ಕೆ ಹತ್ತುತ್ತಾರೆ. ಬೂತ್ ಮೊದಲ ಮೆಟ್ಟಿಲಲ್ಲೇ ನಿಂತು ಮತ್ತೆ ಮತ್ತೆ ಕೇಳುತ್ತಾರೆ. ಅದಕ್ಕೇ ಅವರ ಹಾಡಿನಲ್ಲಿ ಹೋದವರು ವಾಪಸ್ ಬಂದಾರು ಅನ್ನೋ ಆಸೆ ಇನ್ನೂ ಉಳಿದ ಹಾಗೆ ಕೇಳಿಸುತ್ತದೆ.

ನನ್ನ ಕತೆಯನ್ನೂ ಹೇಳಿಬಿಡುತ್ತೇನೆ. ಖಾಲಿ ಕ್ಯಾಸೆಟ್ ಕೊಟ್ಟರೆ ಬೇಕಾದ ಹಾಡು ತುಂಬಿಸಿ ಕೊಡುವ ಅಂಗಡಿಗಳಿದ್ದ ಕಾಲ. ಬ್ರೆಡ್ ಹಾಡುಗಳು ಬೇಕು ಅಂತ ಒಂದು ಅಂಗಡಿಯಲ್ಲಿ ಕ್ಯಾಸೆಟ್ ಕೊಟ್ಟು ಬಂದಿದ್ದೆ. ಪುಣ್ಯಾತ್ಮ ಹತ್ತು ಹಾಡು ಬ್ರೆಡ್ ತಂಡದ್ದೇ ಹಾಕಿ, ಇದೊಂದನ್ನು ಮಾತ್ರ ಬೂತ್ ಹಾಡಿದ್ದನ್ನು ತುಂಬಿಸಿದ್ದ. ಮೇಲೆ ನೀಲಿ ಇಂಕಿನಲ್ಲಿ ದುಂಡಗೆ 'ಬ್ರೆಡ್' ಅಂತ ಬರೆದಿದ್ದ. ನಾನು ಎಷ್ಟೋ ವರ್ಷ ಗೇಟ್ಸ್ ಅವರಿಗೆ ಎರಡು ದನಿ ಇದೆ ಅಂತಲೇ ನಂಬಿದ್ದೆ, ನಾಲ್ಕು ಜನರ ಮುಂದೆ ವಾದವನ್ನೂ ಮಾಡಿದ್ದೆ. ಮೂಲವನ್ನು ಕೇಳಿದ ದಿನ ಇದೇನಪ್ಪಾ ಇಷ್ಟು ಸಪ್ಪೆ ಅನಿಸಿತ್ತು. ಈಗ ಹಾಗನಿಸೋದಿಲ್ಲ. ಆದರೂ ಮೊದಲು ಕಿವಿಗೆ ಬಿದ್ದದ್ದೇ ಮೂಲ ಅನ್ನೋ ಭ್ರಮೆ ಇದೆಯಲ್ಲ, ಅದು ಸುಲಭಕ್ಕೆ ಹೋಗೋದಿಲ್ಲ. ಮೈಸೂರಿನವರ ಸಿಟ್ಟು ನನಗೆ ಅರ್ಥವಾಗೋದು ಹೀಗೆ.

ಪ್ರಶ್ನೆ (ಮಡಿಕೇರಿಯಿಂದ): ಜಮೈಕಾದ ಗಾಯಕನಿಗೆ ಅಮೆರಿಕದ ಈ ಮೆತ್ತನೆ ಹಾಡು ಸಿಕ್ಕಿದ್ದು ಹೇಗೆ? ಅದು ಲಂಡನ್ನಿನಲ್ಲಿ ಗೆದ್ದದ್ದು ಹೇಗೆ?

ಉತ್ತರ: ಜಮೈಕಾದಲ್ಲಿ ಇದು ಹೊಸದೇನಲ್ಲ. ಮಯಾಮಿ, ನ್ಯೂ ಆರ್ಲಿಯನ್ಸ್ ಕಡೆಯ ಅಮೆರಿಕದ ರೇಡಿಯೋ ಸಮುದ್ರ ದಾಟಿ ಅಲ್ಲಿಗೆ ಕೇಳಿಸುತ್ತಿತ್ತು. ಕೇಳಿದ್ದನ್ನು ತಮ್ಮ ತಾಳಕ್ಕೆ ತಿರುಗಿಸಿ ಹಾಡುವುದು ಅಲ್ಲಿನವರಿಗೆ ಮಾಮೂಲಿ. ಕೆನ್ ಬೂತ್ ಕಿಂಗ್‌ಸ್ಟನ್ನಿನ ಡೆನ್ಹಮ್ ಟೌನ್‌ನವರು, 1948ರಲ್ಲಿ ಹುಟ್ಟಿದವರು. ಈ ಹಾಡನ್ನು ಅವರಿಂದ ಹಾಡಿಸಿದ್ದು ಲಾಯ್ಡ್ ಚಾರ್ಮರ್ಸ್ ಎಂಬ ನಿರ್ಮಾಪಕರು.

ಇನ್ನು ಲಂಡನ್. ಎಂಪೈರ್ ವಿಂಡ್‌ರಶ್ ಎಂಬ ಹಡಗು ಕೆರಿಬಿಯನ್ ಜನರನ್ನು ಹೊತ್ತು ಇಂಗ್ಲೆಂಡಿನ ಟಿಲ್ಬರಿಗೆ ಬಂದದ್ದೂ 1948ರಲ್ಲೇ. ಅಲ್ಲಿಂದ ಮುಂದೆ ಜಮೈಕಾದಿಂದ ಬಂದು ನೆಲೆಸಿದವರು ಸಾವಿರಾರು. ಊರಿನ ಹಾಡು ಬೇಕೆನ್ನುವ ಈ ಜನರಿಗಾಗಿ ಹುಟ್ಟಿದ ಕಂಪನಿಗಳಲ್ಲಿ ಟ್ರೋಜನ್ ದೊಡ್ಡದು, 1968ರಲ್ಲಿ ಶುರುವಾಯಿತು. ಬೂತ್ ಹಾಡನ್ನು ಬ್ರಿಟನ್ನಿನಲ್ಲಿ ತಂದವರು ಇವರೇ. ಕಂಪನಿ ಕಟ್ಟಿದವರಲ್ಲಿ ಒಬ್ಬರು ಲೀ ಗೋಪ್ಥಾಲ್, ಜಮೈಕಾದಲ್ಲಿ ನೆಲೆಸಿದ ಭಾರತೀಯ ಮೂಲದ ಮನೆತನದವರು. ನಮ್ಮ ಕಡೆಯ ರಕ್ತ ಈ ಹಾಡಿನ ದಾರಿಯಲ್ಲಿ ಎಲ್ಲೋ ಒಂದು ಹನಿ ಇದೆ ಅನ್ನೋಣ.

ಒಂದು ಗಮ್ಮತ್ತು ಹೇಳಲಾ? ಜಮೈಕಾದ ಸಂಗೀತ ನಿರ್ಮಾಪಕ ಡ್ಯೂಕ್ ರೀಡ್ ತಮ್ಮ ಧ್ವನಿವರ್ಧಕಗಳನ್ನು ಟ್ರೋಜನ್ ಎಂಬ ಹೆಸರಿನ ಲಾರಿಯಲ್ಲಿ ಹೇರಿಕೊಂಡು ಊರೂರು ತಿರುಗುತ್ತಿದ್ದರು. ಕಂಪನಿಗೆ ಹೆಸರು ಬಂದದ್ದು ಅಲ್ಲಿಂದ. ಬ್ರೆಡ್ ತಂಡದವರೂ ಹೆಸರು ಹುಡುಕಿ ಸುಸ್ತಾಗಿದ್ದಾಗ ರಸ್ತೆಯಲ್ಲಿ ಕಂಡ ಬ್ರೆಡ್ ಲಾರಿಯ ಹೆಸರನ್ನೇ ಇಟ್ಟುಕೊಂಡವರು. ಒಂದು ಹಾಡು, ಎರಡು ಲಾರಿ.

ಟ್ರೋಜನ್ ಮಾತ್ರ ಆ ದೊಡ್ಡ ಗೆಲುವಿನ ಮರುವರ್ಷವೇ, 1975ರಲ್ಲಿ, ಸಾಲಕ್ಕೆ ಸಿಕ್ಕಿ ಬೇರೆಯವರ ಕೈಗೆ ಹೋಯಿತು.

ಪ್ರಶ್ನೆ (ಮಂಗಳೂರಿನಿಂದ): ಬೇರೆ ಯಾರು ಯಾರು ಹಾಡಿದ್ದಾರೆ? ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬಹುದು?

ಉತ್ತರ: ಪಟ್ಟಿ ಉದ್ದ ಇದೆ, ನಾನು ಕೇಳಿದ್ದರಲ್ಲಿ ಕೆಲವು ಹೇಳುತ್ತೇನೆ. 1972ರಲ್ಲೇ ಒಲಿವಿಯಾ ನ್ಯೂಟನ್-ಜಾನ್ ಹಾಡಿದರು. ಹೆಣ್ಣಿನ ದನಿಯಲ್ಲಿ ಮಾತಿಗೆ ಬೇರೆ ಬೆಳಕು ಬರುತ್ತದೆ, ಕೇಳಿ. ಅಮೆರಿಕದ ಕಂಟ್ರಿ ಗಾಯಕ ಜೋ ಸ್ಟ್ಯಾಂಪ್ಲಿ 1976ರಲ್ಲಿ ಹಾಡಿದ್ದು ಹಳ್ಳಿ ಕಡೆಯ ಎಳೆತದ್ದು, ಅದೂ ಪರವಾಗಿಲ್ಲ. 'ಎನ್ ಸಿಂಕ್' ಹುಡುಗರು 1998ರ ಅಮೆರಿಕದ ಆಲ್ಬಮ್ಮಿನಲ್ಲಿ ಹಾಡಿದ್ದನ್ನು ಬಿಟ್ಟರೆ ನಷ್ಟವಿಲ್ಲ. ಐದು ಜನ ಸೇರಿ ಅಷ್ಟು ಚೆಂದಗೆ ದನಿ ಕೂಡಿಸಿದರೆ ಯಾರಿಗೂ ದುಃಖ ಆದ ಹಾಗೇ ಕಾಣೋದಿಲ್ಲ. 2006ರಲ್ಲಿ ರಾಡ್ ಸ್ಟುವರ್ಟ್ ಹಾಡಿದ್ದಾರೆ, ಆ ಗೊಗ್ಗರು ಗಂಟಲು ಇಷ್ಟವಿದ್ದವರಿಗೆ ಸರಿ.

ಬಾಯ್ ಜಾರ್ಜ್ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಅವರು ಹಿಡಿದದ್ದು ಬ್ರೆಡ್ ದಾರಿಯನ್ನಲ್ಲ, ಬೂತ್ ದಾರಿಯನ್ನು. ಒಬ್ಬರ ಹಾಡನ್ನು ಇನ್ನೊಬ್ಬರು ಮತ್ತೆ ಹಾಡಿದರೆ ಅದಕ್ಕೆ ಕವರ್ ಅಂತಾರೆ, ಇದನ್ನು ಕವರ್ ಹಾಡಿನ ಕವರ್ ಅನ್ನಬಹುದು. ರೆಗ್ಗೆ ಅವರಿಗೆ ಹೊಸದಲ್ಲ, ಕಲ್ಚರ್ ಕ್ಲಬ್ ತಂಡದಲ್ಲಿದ್ದಾಗ 1982ರಲ್ಲಿ ಅವರಿಗೆ ಹೆಸರು ತಂದ ಹಾಡೂ ಅದೇ ನಡೆಯದ್ದು. 1986ರಲ್ಲಿ ತಂಡ ಒಡೆಯಿತು, ಹೆರಾಯಿನ್ ಚಟದ ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬಂತು. ಅದಾದ ಮೇಲೆ ಒಬ್ಬರೇ ನಿಂತು ಹಾಡಿದ ಮೊದಲ ಹಾಡು ಇದು. ಹಾಗಾಗಿ ಅವರ ಬಾಯಲ್ಲಿ 'ವಾಪಸ್ ಬಾ' ಅನ್ನೋದು ಪ್ರೇಮಿಗೋ ಕೇಳುಗರಿಗೋ ಅನ್ನೋ ಅನುಮಾನ ನನಗೆ ಯಾವಾಗಲೂ ಇದೆ. ಸಂಗೀತ ಮಾತ್ರ ಜಾಸ್ತಿ ಇಸ್ತ್ರಿ ಹಾಕಿದ ಅಂಗಿಯ ಹಾಗಿದೆ. ಒಂದು ಸುಕ್ಕೂ ಇಲ್ಲ.

ಪ್ರಶ್ನೆ (ಧಾರವಾಡದಿಂದ): ಇನ್ನೊಬ್ಬರ ಹಾಡು ಹಾಡಿ ಹೆಸರು ಮಾಡೋದು ದೊಡ್ಡ ವಿಷಯವೇನ್ರಿ? ನಮ್ಮಲ್ಲಿ ದಾಸರ ಪದ ಎಷ್ಟು ಜನ ಹಾಡಿಲ್ಲ?

ಉತ್ತರ: ಒಳ್ಳೆ ಮಾತು ಎತ್ತಿದಿರಿ, ಆದರೆ ಎರಡೂ ಒಂದೇ ಅಲ್ಲ. ನಮ್ಮಲ್ಲಿ ಮಾತು ಉಳಿದು ಧಾಟಿ ಬದಲಾಗುತ್ತದೆ. ಪುರಂದರದಾಸರ 'ಭಾಗ್ಯದ ಲಕ್ಷ್ಮೀ ಬಾರಮ್ಮ' ತಗೊಳ್ಳಿ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಕೇಳಿದ ಲಕ್ಷ್ಮಿಯೇ ಬೇರೆ, ನಿಮ್ಮ ಕಡೆಯ ಭೀಮಸೇನ ಜೋಶಿಯವರು ಕರೆದ ಲಕ್ಷ್ಮಿಯೇ ಬೇರೆ. ಕವರ್ ಹಾಡಿನಲ್ಲಿ ಮಾತೂ ಮಟ್ಟೂ ಎರಡೂ ಉಳಿಯುತ್ತವೆ, ನಡೆ ಬದಲಾಗುತ್ತದೆ. ಮನೆ ಅದೇ, ಬಾಡಿಗೆಗೆ ಬಂದವರು ಬೇರೆ. ಯಾವುದು ಹೆಚ್ಚು ಕಷ್ಟ ಅಂದರೆ ನಾನು ಕವರ್ ಅಂತೀನಿ, ಯಾಕೆಂದರೆ ಎಲ್ಲರಿಗೂ ಗೊತ್ತಿರೋ ಮಟ್ಟಿನಲ್ಲೇ ಹೊಸದೇನೋ ತೋರಿಸಬೇಕು. ಜಗಳಕ್ಕೆ ಬರೋದಿದ್ದರೆ ಬನ್ನಿ, ಪೇಡಾ ತಗೊಂಡು ಬನ್ನಿ.

ಪ್ರಶ್ನೆ (ಬೆಂಗಳೂರಿನಿಂದ): ನಾನೂ ಇದನ್ನು ಹಾಡಿ ವಿಡಿಯೋ ಹಾಕಬಹುದಾ? ಯಾರನ್ನು ಕೇಳಬೇಕು?

ಉತ್ತರ: ಹಾಡಿಗೆ ಇಬ್ಬರು ಯಜಮಾನರು. ಮಾತು ಮತ್ತು ಮಟ್ಟು ಒಬ್ಬರದು, ಧ್ವನಿಮುದ್ರಣ ಇನ್ನೊಬ್ಬರದು. ನೀವೇ ಬಾರಿಸಿ ಹಾಡಿದರೆ ಎರಡನೆಯವರ ಕಾಟ ಇಲ್ಲ, ಮೊದಲನೆಯವರಿಗೆ ಮಾತ್ರ ಕೊಡಬೇಕು. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಗಿ ಕವರ್ ಹಾಡುಗಳ ಬಗ್ಗೆ 31ಸಿ ಎಂಬ ಕಲಂ ಬಂತು. ಅದರ ಪ್ರಕಾರ ಮೊದಲ ಮುದ್ರಣ ಬಂದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಮೊದಲೇ ನೋಟಿಸ್ ಕೊಡಬೇಕು, ಪ್ರತಿ ಹಾಡಿಗೆ ವರ್ಷಕ್ಕೆ ಕನಿಷ್ಠ 50,000 ಪ್ರತಿಯ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕು, ಮೂಲವನ್ನು ಬೇಕಾದ ಹಾಗೆ ತಿರುಚುವ ಹಾಗಿಲ್ಲ. ಅದೂ ಬರೀ ಧ್ವನಿಗೆ. ಚಿತ್ರ ಸೇರಿಸಿದರೆ ಒಪ್ಪಿಗೆಯೇ ಬೇರೆ. ಹಾಗಾಗಿ ಹಾಕುವ ಮುಂಚೆ ಆ ತಾಣದ ನಿಯಮ ಓದಿ, ಹಕ್ಕುದಾರರು ಅಲ್ಲಿ ಕವರ್ ಹಾಡುಗಳಿಗೆ ಒಪ್ಪಿದ್ದಾರಾ ಅಂತ ನೋಡಿಕೊಳ್ಳಿ.

ಪ್ರಶ್ನೆ (ಹಾಸನದಿಂದ): ನಮ್ಮಪ್ಪ ಹೋಗಿ ಮುಂದಿನ ತಿಂಗಳಿಗೆ ಒಂದು ವರ್ಷ. ಅವತ್ತು ಮನೆಯವರೆಲ್ಲ ಸೇರಿದಾಗ ಈ ಮಟ್ಟಿಗೆ ಕನ್ನಡ ಮಾತು ಹಾಕಿ ಹಾಡಬೇಕು ಅಂತ ನನಗೂ ತಂಗಿಗೂ ಆಸೆ. ಕೂತು ಬರೆದರೆ ಮೊದಲ ಸಾಲೇ ದಾಟುತ್ತಿಲ್ಲ. ನೀನು ಅನ್ನಬೇಕಾ, ನೀವು ಅನ್ನಬೇಕಾ?

ಉತ್ತರ: ಗೇಟ್ಸ್ ಅವರಿಗೆ ಬಾರದ ಕಷ್ಟ ಇದು. ಅವರ 'ಯೂ' ಎಲ್ಲರನ್ನೂ ಮರೆಮಾಡುತ್ತದೆ, ನಮ್ಮ ಭಾಷೆ ಬಾಯಿ ತೆರೆದ ಕೂಡಲೇ ಎದುರಿಗಿರುವವರು ಯಾರು ಅಂತ ಹೇಳಿಬಿಡುತ್ತದೆ. 'ನೀವು' ಅಂದರೆ ಕೇಳಿದವರಿಗೆ ದೊಡ್ಡವರೊಬ್ಬರು ಕಾಣುತ್ತಾರೆ, ಪ್ರೇಮಗೀತೆಯ ಅನುಮಾನ ಅಲ್ಲಿಗೇ ಹೋಯಿತು. 'ನೀನು' ಅಂದರೆ ಪ್ರೇಮಿಯೂ ಇರಬಹುದು, ದೇವರೂ ಇರಬಹುದು, ಎಷ್ಟೋ ಮನೆಗಳಲ್ಲಿ ಅಪ್ಪನೂ ಇರಬಹುದು. ನೀವಿಬ್ಬರೂ ಅವರನ್ನು ಊಟಕ್ಕೆ ಹೇಗೆ ಕರೆಯುತ್ತಿದ್ದಿರಿ? 'ಅಪ್ಪಾ, ಬಾ' ಅಂತಲಾ, 'ಅಪ್ಪಾ, ಬನ್ನಿ' ಅಂತಲಾ? ಅದನ್ನೇ ಇಟ್ಟುಕೊಳ್ಳಿ. ಅಣ್ಣ ತಂಗಿ ಬೇರೆ ಬೇರೆ ಕರೆಯುತ್ತಿದ್ದರೆ ಒಂದೊಂದು ಚರಣ ಹಂಚಿಕೊಳ್ಳಿ.

ಇನ್ನು ಪಲ್ಲವಿ. 'ಎವ್ರಿಥಿಂಗ್ ಐ ಓನ್' ಅನ್ನೋದರಲ್ಲಿ ಐದು ತುಣುಕು, ಕೊನೆಯದು ಉದ್ದ ಎಳೆಯಬೇಕು. 'ನನ್ನ ಸರ್ವಸ್ವ' ಅಂತ ಹಾಕಿದರೆ ಎಣಿಕೆಗೆ ಕೂರುತ್ತದೆ, ಆದರೆ ಕೊನೆಗೆ ಬಾಯಿ ಮುಚ್ಚಿಹೋಗುತ್ತದೆ, ಎಳೆಯೋಕೆ ಸ್ವರ ಸಾಲದು. ಮೇಲಾಗಿ ಯಾರೂ ಮನೆಯಲ್ಲಿ ಹಾಗೆ ಮಾತಾಡೋದಿಲ್ಲ. 'ಇರೋದೆಲ್ಲವೂ' ಅಂತ ಹಾಡಿ ನೋಡಿ. ಇ, ರೋ, ದೆಲ್, ಲ, ವೂ. ಐದು ಆಯಿತು, ಕೊನೆಯ 'ವೂ' ಎಷ್ಟು ಬೇಕೋ ಅಷ್ಟು ಎಳೆಯಬಹುದು. ಮನೆಯವರ ಮುಂದೆ ಹಾಡೋದಕ್ಕೆ ಯಾರ ಅಪ್ಪಣೆಯೂ ಬೇಡ. ಹೊರಗೆ ತರೋದಾದರೆ ಮಾತ್ರ ಬೆಂಗಳೂರಿನವರಿಗೆ ಹೇಳಿದ್ದು ನೆನಪಿರಲಿ, ಅನುವಾದಕ್ಕೆ ಮೂಲದವರ ಒಪ್ಪಿಗೆ ಬೇಕೇಬೇಕು. ಬರೆದಾದ ಮೇಲೆ ನನಗೊಂದು ಪ್ರತಿ ಕಳಿಸಿ, ಎರಡನೇ ಚರಣ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ನನಗೆ ಗೊತ್ತು.